ಹದಿನಾರಾಣೆಗೆ ಹದಿನಾಲ್ಕಾಣೆ: ಯಾರ್ಕ್‌ಷೈರ್ ಡೇಲ್ಸ್‌ನ ಒಂದು ಕಾಗದದ ನಕ್ಷೆ

34 ವರ್ಷ ಸರ್ವೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನಿಗೆ ನಕ್ಷೆಯನ್ನು ಉಡುಗೊರೆ ಕೊಡುವುದು ಅಡುಗೆ ಭಟ್ಟರಿಗೆ ಸೌಟು ಉಡುಗೊರೆ ಕೊಟ್ಟ ಹಾಗೆ. ಆದರೂ ಸೊಸೆ ಕೊಟ್ಟಳು. ನಾವು ಗಂಡ ಹೆಂಡತಿ ಮಗನ ಮನೆಗೆಂದು ಲೀಡ್ಸ್‌ಗೆ ಬಂದು ಮೂರು ವಾರವಾಗಿತ್ತು. ದಿನವಿಡೀ ಕಿಟಕಿಯ ಬಳಿ ಕುಳಿತು, ಎದುರು ಮನೆಯವರ ಬೇಲಿ ಗೇಣುದ್ದ ಓರೆಯಾಗಿದೆ ಎಂದು ನಾನು ಹೇಳುವುದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿರಬೇಕು. ಒಂದು ಸಂಜೆ ಕಿತ್ತಳೆ ಬಣ್ಣದ ಹೊದಿಕೆಯ ಮಡಿಕೆಯೊಂದನ್ನು ಕೈಗಿಟ್ಟು, "ಮಾವ, ಇದನ್ನು ಹಿಡಿದುಕೊಂಡು ಅತ್ತೆಯ ಜೊತೆ ಹೊರಗೆ ಹೋಗಿ ಬನ್ನಿ. ಬೇಲಿಗಳೆಲ್ಲ ಇದರಲ್ಲೇ ಇವೆ" ಎಂದಳು.

ಅದು ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಮಾಲೆಯ ಓಎಲ್ 2 ನಕ್ಷೆ. ಯಾರ್ಕ್‌ಷೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದ ದಕ್ಷಿಣ ಮತ್ತು ಪಶ್ಚಿಮ ಭಾಗ, ಎರಡೂ ಬದಿಗೆ ಮುದ್ರಣ. ನಾಲ್ವರು ಕೆಫೆಗೆ ಹೋಗಿ ಕಾಫಿ ಕುಡಿದು ಕೇಕು ತಿಂದರೆ ಆಗುವುದಕ್ಕಿಂತ ಕಡಿಮೆ ಬೆಲೆ. ಆರ್ಡ್‌ನನ್ಸ್ ಎಂದರೆ ಮದ್ದುಗುಂಡು, ತೋಪು. 1791ರಲ್ಲಿ ಫ್ರೆಂಚರು ದಂಡೆತ್ತಿ ಬಂದಾರೆಂಬ ಅಂಜಿಕೆಯ ಕಾಲದಲ್ಲಿ ತೋಪುಖಾನೆಯವರು ಶುರು ಮಾಡಿದ ಮೋಜಣಿ, ಈಗ ನನ್ನಂಥ ಮೊಣಕಾಲು ನೋವಿನವರನ್ನು ಕುರಿಗಳ ನಡುವೆ ದಾರಿ ತೋರಿಸಿ ಕರೆದೊಯ್ಯುತ್ತಿದೆ.

ಎರಡು ತಿಂಗಳು ಇದನ್ನು ಬಳಸಿದ ಮೇಲೆ ಈ ಮಾತು ಬರೆಯುತ್ತಿದ್ದೇನೆ. ಮಕ್ಕಳ ಮನೆಗೆ ಬಂದು ಉತ್ತರ ಇಂಗ್ಲೆಂಡಿನಲ್ಲಿ ಕಾಲ ಕಳೆಯಬೇಕಾದ ನಮ್ಮ ವಯಸ್ಸಿನವರು ಬಹಳ ಮಂದಿ ಇದ್ದಾರೆ. ಮಾಲ್‌ ಸುತ್ತುವುದಕ್ಕಿಂತ ಇದು ಎಷ್ಟೋ ಮೇಲು.

ಮೊದಲ ಸಂಜೆ ಊಟದ ಮೇಜಿನ ಮೇಲೆ ಹರಡಿದೆ. ಮೇಜು ಸಾಲಲಿಲ್ಲ. ಅಭ್ಯಾಸ ಬಲದಿಂದ ಸರ್ವೆ ನಂಬರು ಹುಡುಕಿದೆ, ಇಲ್ಲ. ಯಾವ ಹೊಲ ಯಾರದೆಂಬ ಸುಳಿವೂ ಇಲ್ಲ. ಅಳತೆ 1:25,000, ಅಂದರೆ ನೆಲದ ಒಂದು ಕಿಲೋಮೀಟರಿಗೆ ಕಾಗದದಲ್ಲಿ ನಾಲ್ಕು ಸೆಂಟಿಮೀಟರ್. ನಮ್ಮ ಗ್ರಾಮ ನಕ್ಷೆ 1:7,920. ಇಂಚಿಗೆ 66 ಅಡಿಯ ಅಳತೆ ಸರಪಳಿ ಹತ್ತು. ಅದರ ಮುಂದೆ ಇದು ಬಹಳ ಸಣ್ಣಕ್ಕೆ ಬರೆದ ನಕ್ಷೆ ಎಂದು ಮೂಗು ಮುರಿದೆ. ಆಮೇಲೆ ಕನ್ನಡಕ ಬದಲಿಸಿ ನೋಡಿದಾಗ ಕೂದಲೆಳೆಯಂಥ ಕಪ್ಪು ಗೆರೆಗಳು ಕಂಡವು. ಒಂದೊಂದು ಹೊಲದ ಒಂದೊಂದು ಗೋಡೆ. ಸಾವಿರಾರು. ಸೊಸೆ ಸುಳ್ಳು ಹೇಳಿರಲಿಲ್ಲ. ಇದೇ ಸಂಸ್ಥೆಯ ಗುಲಾಬಿ ಹೊದಿಕೆಯ ಲ್ಯಾಂಡ್‌ರೇಂಜರ್ ನಕ್ಷೆ ಮಗನ ಕಾರಿನಲ್ಲಿದೆ. ಅದು 1:50,000, ಅದರಲ್ಲಿ ಹೊಲದ ಗೋಡೆಗಳಿಲ್ಲ. ಕಾರಿಗೆ ಅದು ಸಾಕು. ನಡೆಯುವವರು ಕಿತ್ತಳೆಯದನ್ನೇ ಕೊಳ್ಳಬೇಕು. ಹೊಲಗಳ ನಡುವೆ ನಿಂತಾಗ ನೀವು ಎಲ್ಲಿದ್ದೀರಿ ಎಂದು ಹೇಳುವುದು ಗೋಡೆಗಳೇ.

ಮೊದಲ ಪರೀಕ್ಷೆಗೆ ಮಾಲ್ಹಮ್ ಎಂಬ ಹಳ್ಳಿ ಆರಿಸಿಕೊಂಡೆವು. ಸ್ಕಿಪ್ಟನ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಬಸ್ಸುಗಳು ಕಡಿಮೆ, ಹಿಂತಿರುಗುವ ಹೊತ್ತನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಮಾಲ್ಹಮ್ ಕೋವ್ ಎನ್ನುವುದು ಸುಣ್ಣಕಲ್ಲಿನ ದೊಡ್ಡ ಗೋಡೆ, 80 ಮೀಟರ್‌ ಎತ್ತರ, ಮುನ್ನೂರು ಮೀಟರ್‌ ಅಗಲ, ಒಳಕ್ಕೆ ಬಾಗಿದ ಮೊರದಂತೆ. ಅದರ ಬುಡದಿಂದ ಹಳ್ಳವೊಂದು ಸದ್ದಿಲ್ಲದೆ ಹೊರಬರುತ್ತದೆ. ಪಕ್ಕದಲ್ಲಿ ನಾನೂರರಷ್ಟು ಮೆಟ್ಟಿಲು ಹತ್ತಿದರೆ ಮೇಲೆ ಬಿಳಿ ಬಂಡೆಯ ಹಾಸು. ಬರಗಾಲದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದೆ, ಕಾಲು ಸಿಕ್ಕಿಕೊಳ್ಳುವಷ್ಟು ಆಳ. ಬಿರುಕಿಗೆ ಇಲ್ಲಿಯವರು ಗ್ರೈಕ್ ಎನ್ನುತ್ತಾರೆ, ನಡುವಿನ ಹಲಗೆಗೆ ಕ್ಲಿಂಟ್. ಬಿರುಕಿನ ಒಳಗೆ ಬಗ್ಗಿ ನೋಡಿ ನನ್ನ ಹೆಂಡತಿ, "ರೀ, ಇಲ್ಲಿ ಜರೀಗಿಡ ಬೆಳೆದಿದೆ, ನಮ್ಮ ಬಾವಿಯ ಒಳಗೆ ಇದ್ದ ಹಾಗೆ" ಎಂದಳು. ಮೇಲೆ ಗಾಳಿ ಚಳಿ, ಕುರಿ ಬಾಯಿ. ಒಳಗೆ ನೆರಳು ತೇವ. ಗಿಡ ತನ್ನ ಜಾಗ ಹುಡುಕಿಕೊಂಡಿದೆ.

ಅಲ್ಲಿಂದ ಉತ್ತರಕ್ಕೆ ಕಣಿವೆಯೊಂದು ಏರುತ್ತದೆ. ಎರಡೂ ಬದಿಗೆ ಕಡಿದಾದ ದಡ, ನಡುವೆ ನೀರಿಲ್ಲ. ಒಂದೂವರೆ ಕಿಲೋಮೀಟರ್ ಮೇಲೆ, ಮಾಲ್ಹಮ್ ಟಾರ್ನ್ ಎಂಬ ಕೆರೆಯಿಂದ ಹೊರಟ ಹಳ್ಳದ ನೀಲಿ ಗೆರೆ ನಕ್ಷೆಯಲ್ಲಿ ಬಯಲಿನ ನಡುವೆ ಥಟ್ಟನೆ ನಿಂತುಬಿಡುತ್ತದೆ. ಮನೆಯಲ್ಲಿ ನೋಡಿದಾಗ, ಡ್ರಾಫ್ಟ್ಸ್‌ಮನ್ ಗೆರೆ ಅರ್ಧಕ್ಕೆ ಬಿಟ್ಟು ಊಟಕ್ಕೆ ಎದ್ದು ಹೋಗಿರಬೇಕು ಎಂದುಕೊಂಡಿದ್ದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ವಾಟರ್ ಸಿಂಕ್ಸ್" ಎಂದಿತ್ತು. ಹೋಗಿ ನೋಡಿದರೆ ಗೆರೆ ಸರಿಯಾಗಿಯೇ ಇತ್ತು. ಮೊಣಕಾಲುದ್ದದ ಹಳ್ಳ ಕಲ್ಲಿನ ಹರಳುಗಳ ನಡುವೆ ಹರಿದು ಬರುತ್ತದೆ, ತೆಳ್ಳಗಾಗುತ್ತದೆ, ಇಲ್ಲವಾಗುತ್ತದೆ. ಅದರ ಮುಂದೆ ಒಣ ಹುಲ್ಲು. ಸುಳಿಯೂ ಇಲ್ಲ, ಬಿಲವೂ ಇಲ್ಲ. ನಾನು ಕೋಲಿನಿಂದ ಕೆದಕಿ ನೋಡಿದೆ. ಈ ನೀರು ಕೋವ್‌ನ ಬುಡದಲ್ಲಿ ಹೊರಬರುತ್ತದೆ ಎಂದೇ ಯಾರಾದರೂ ಎಣಿಸುತ್ತಾರೆ, ನಾನೂ ಎಣಿಸಿದ್ದೆ. ಹಾಗಲ್ಲ. ಇದು ಊರಿನ ಕೆಳಗೆ ಏರ್ ಹೆಡ್ ಎಂಬಲ್ಲಿ ಏಳುತ್ತದೆ. ಕೋವ್‌ನ ಹಳ್ಳ ಬೇರೆ ಕಡೆ ಇಂಗಿದ ನೀರು. ನೆಲದೊಳಗೆ ಎರಡು ನೀರು ಒಂದನ್ನೊಂದು ದಾಟಿಕೊಂಡು ಹೋಗುತ್ತವೆ. ಎರಡೂ ಕೂಡಿ ಏರ್ ನದಿಯಾಗಿ ಮಗನ ಕಚೇರಿಯ ಸೇತುವೆಯ ಕೆಳಗೆ ಲೀಡ್ಸ್‌ನಲ್ಲಿ ಹರಿಯುತ್ತವೆ. 2015ರ ಡಿಸೆಂಬರ್ 6ರಂದು ಡೆಸ್ಮಂಡ್ ಚಂಡಮಾರುತದ ಮಳೆಗೆ ನೆಲ ಕುಡಿಯಲಾರದೆ, ನೀರು ಆ ಒಣ ಕಣಿವೆಯಲ್ಲೇ ಹರಿದು ಕೋವ್‌ನ ನೆತ್ತಿಯಿಂದ ಜಲಪಾತವಾಗಿ ಬಿದ್ದಿತ್ತಂತೆ. ಆ ಒಂದು ದಿನ ಈ ನಕ್ಷೆ ತಪ್ಪಾಗಿತ್ತು ಎನ್ನಬಹುದು.

ಇನ್ನು ಗೋಡೆಗಳ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಉಳಿದ ಗಿರಾಕಿಗಳು ಇದನ್ನು ಹೇಳಲಾರರು.

ನಕ್ಷೆಯಲ್ಲಿ ಮಾಲ್ಹಮ್ ಊರಿನ ಸುತ್ತ ನೋಡಿದರೆ ಹೊಲಗಳು ಸಣ್ಣವು, ಗೆರೆಗಳು ಅಂಕುಡೊಂಕು. ಮರ ಬಂದಲ್ಲಿ ತಿರುಗಿವೆ, ಬಂಡೆ ಬಂದಲ್ಲಿ ಬಳಸಿವೆ, ಅಣ್ಣನ ಪಾಲಿಗೂ ತಮ್ಮನ ಪಾಲಿಗೂ ನಡುವೆ ಮೊಣಕೈಯಂತೆ ಬಾಗಿವೆ. ಮೇಲೆ ಹುಲ್ಲುಗಾವಲಿಗೆ ಹೋಗುತ್ತಿದ್ದಂತೆ ಗೆರೆಗಳು ಇದ್ದಕ್ಕಿದ್ದಂತೆ ನೆಟ್ಟಗಾಗುತ್ತವೆ. ಗುಡ್ಡ, ಗುಂಡಿ, ಬಂಡೆ ಯಾವುದನ್ನೂ ಲೆಕ್ಕಿಸದೆ ಸ್ಕೇಲು ಹಿಡಿದು ಎಳೆದ ಹಾಗೆ. ಇದು ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಸರಪಳಿ ಬಿದ್ದ ನೆಲಕ್ಕೂ ಬೀಳದ ನೆಲಕ್ಕೂ ಇರುವ ವ್ಯತ್ಯಾಸ ನನ್ನ ಅನ್ನ. ಮೇಲೆ ಎಲ್ಲೋ ಒಂದು ದಿನ ನನ್ನಂಥವನೊಬ್ಬ ಸರಪಳಿ ಎಳೆದಿದ್ದಾನೆ.

ಆಮೇಲೆ ತಿಳಿದದ್ದೂ ಅದೇ. ಹದಿನೆಂಟನೆಯ ಶತಮಾನದ ಕೊನೆ, ಹತ್ತೊಂಬತ್ತನೆಯದರ ಮೊದಲ ಭಾಗದಲ್ಲಿ ಪಾರ್ಲಿಮೆಂಟು ಊರೂರಿಗೂ ಕಾಯ್ದೆ ಮಾಡಿ, ಎಲ್ಲರ ದನ ಕುರಿ ಮೇಯುತ್ತಿದ್ದ ಬಯಲನ್ನು ಅಳೆಸಿ ಹಂಚಿತು. ಪಾಲು ಸಿಕ್ಕವನು ಗೋಡೆ ಕಟ್ಟಿಸಬೇಕು. ಕಟ್ಟಿಸುವ ಶಕ್ತಿ ಇಲ್ಲದವನು ಮಾರಿಕೊಂಡ. ನಮ್ಮ ಗೋಮಾಳಗಳ ಕಥೆ ಗೊತ್ತಿದ್ದವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ. ಅಳೆದ ಸರಪಳಿ 66 ಅಡಿಯದು, ಎಡ್ಮಂಡ್ ಗಂಟರ್ 1620ರಲ್ಲಿ ಮಾಡಿದ್ದು; ಕ್ರಿಕೆಟ್ ಪಿಚ್ಚಿನ 22 ಗಜವೂ ಅದೇ. ಅದರ ಅರ್ಧ, 33 ಅಡಿ, ನಮ್ಮ ಹದಿನಾರು ಆಣೆಯ ಸರಪಳಿ. ಈ ಸರಪಳಿ ಒಂದು ಉದ್ದ, ಒಂದು ಅಗಲ, ಆದರೆ ಒಂದು ಗುಂಟೆ. ಅದನ್ನು ಹೆಗಲ ಮೇಲೆ ಹೊತ್ತು ಸಾಗರ, ಹೊಸನಗರದ ಗದ್ದೆ ಬದುಗಳಲ್ಲಿ ನಾನು ತಿರುಗಿದ್ದೇನೆ. ಇಷ್ಟು ದೂರ ಬಂದು ನಮ್ಮ ಕಸುಬಿನ ಹೆಜ್ಜೆಗುರುತನ್ನು ಕುರಿ ಹಟ್ಟಿಯ ಪಕ್ಕ ಕಂಡಾಗ ಸಂತೋಷವಾಯಿತು. ಜೊತೆಗೆ, ಆ ದಿನ ಬಯಲು ಕಳೆದುಕೊಂಡವರು ಸರಪಳಿ ಎಳೆದವನನ್ನು ಹೇಗೆ ನೋಡಿದ್ದರು ಎಂಬುದೂ ನನಗೆ ಗೊತ್ತು. ಮಧ್ಯಾಹ್ನದ ಮಜ್ಜಿಗೆ ಯಾರ ಮನೆಯಲ್ಲಿ ಕುಡಿಯಬೇಕು ಎಂಬುದೇ ಮೋಜಣಿದಾರನಿಗೆ ದೊಡ್ಡ ಪ್ರಶ್ನೆ.

ಗೋಡೆಯನ್ನು ಹತ್ತಿರದಿಂದಲೂ ನೋಡಿ. ಗಾರೆ ಇಲ್ಲ, ಮಣ್ಣೂ ಇಲ್ಲ. ನಿಜವಾಗಿ ಅದು ಎರಡು ಗೋಡೆ. ಒಂದಕ್ಕೊಂದು ಒರಗಿ ಮೇಲೆ ಹೋದಂತೆ ಕಿರಿದಾಗುತ್ತವೆ, ನಡುವೆ ಪುಡಿಗಲ್ಲು ತುಂಬಿರುತ್ತದೆ. ಅಲ್ಲಲ್ಲಿ ಉದ್ದ ಕಲ್ಲೊಂದು ಆಚೆಯಿಂದ ಈಚೆಗೆ ತೂರಿ ಎರಡನ್ನೂ ಬಿಗಿದಿರುತ್ತದೆ, ಅದರ ತುದಿ ಹೊರಗೆ ಚಾಚಿರುತ್ತದೆ. ತುದಿಯಲ್ಲಿ ಓರೆಗಲ್ಲುಗಳ ಸಾಲು, ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತೆ. ಒಂದು ಕಡೆ ಗೋಡೆಯ ಬುಡದಲ್ಲಿ ಚೌಕದ ಕಂಡಿಯಿತ್ತು, ಮಗು ನುಸುಳುವಷ್ಟು. ಕಲ್ಲು ಬಿದ್ದು ಆದದ್ದಲ್ಲ, ಮೇಲೆ ತೊಲೆಗಲ್ಲು ಇಟ್ಟು ಕಟ್ಟಿದ್ದು. ನಾನು ನೀರು ಹರಿಯಲಿಕ್ಕೆ ಎಂದೆ. ಹೆಂಡತಿ ಕಂಡಿಯ ಅಂಚಿನ ಕಲ್ಲನ್ನು ಮುಟ್ಟಿ, ಕೈಗೆ ಹತ್ತಿದ ಎಣ್ಣೆ ಜಿಡ್ಡನ್ನೂ ಉಣ್ಣೆಯ ಎಳೆಯನ್ನೂ ತೋರಿಸಿದಳು. ಕುರಿ ದಾಟುವ ಕಂಡಿ. ನಾಯಿಯ ಜೊತೆ ಬಂದ ರೈತನೊಬ್ಬ ಅದಕ್ಕೆ ಕ್ರಿಪಲ್ ಹೋಲ್ ಎನ್ನುತ್ತಾರೆಂದ. ಕುರಿ ಹೋಗುತ್ತದೆ, ದನ ಹೋಗಲಾರದು, ಬೇಡವಾದಾಗ ಚಪ್ಪಡಿ ಮುಚ್ಚುತ್ತಾರೆ. ಇಂಥದ್ದು 25,000ದ ನಕ್ಷೆಯಲ್ಲಿ ಸಿಗುವುದಿಲ್ಲ. ಆದರೆ ನಕ್ಷೆ ಆ ಗೋಡೆಯ ಮುಂದೆ ನಿಲ್ಲಿಸದಿದ್ದರೆ ಕಂಡಿಯೂ ಕಾಣುತ್ತಿರಲಿಲ್ಲ.

ಈಗ ಈ ನಕ್ಷೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಡೆದು ನಿಲ್ಲಿಸಿದ್ದು: ಹಸಿರು ಗೆರೆ.

ಚಿಕ್ಕ ಚಿಕ್ಕ ಹಸಿರು ತುಂಡುಗೆರೆ ಎಂದರೆ ಸಾರ್ವಜನಿಕರ ಕಾಲುದಾರಿ. ಉದ್ದ ತುಂಡುಗಳಾದರೆ ಕುದುರೆ, ಸೈಕಲ್ಲೂ ಹೋಗಬಹುದು. ಕಪ್ಪು ತುಂಡುಗೆರೆ ಎಂದರೆ ನೆಲದ ಮೇಲೆ ದಾರಿ ಇದೆ ಎಂದಷ್ಟೇ. ನಡೆಯುವ ಹಕ್ಕು ಇದೆ ಎಂದಲ್ಲ, ಮತ್ತು ಅದನ್ನು ಸೂಚಿ ಪಟ್ಟಿಯಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ. ಆ ವಾಕ್ಯ ಓದಿ, ಬರೆದವನು ಎಂದಾದರೂ ಕೋರ್ಟಿನಲ್ಲಿ ಸಾಕ್ಷಿ ಹೇಳಿ ಬಂದಿರಬೇಕು ಎಂದುಕೊಂಡೆ. ಹಕ್ಕಿನ ಮೂಲ ದಾಖಲೆ 1949ರ ಕಾಯ್ದೆಯಂತೆ ಸ್ಥಳೀಯ ಆಡಳಿತ ಇಟ್ಟಿರುವ ಡೆಫಿನಿಟಿವ್ ಮ್ಯಾಪ್. ಈ ಹಸಿರು ಗೆರೆಗಳು ಅಲ್ಲಿಂದ ಇಳಿದವು.

ಒಂದು ಕಡೆ ಹಸಿರು ಗೆರೆ ನೇರವಾಗಿ ಒಬ್ಬರ ಮನೆಯಂಗಳಕ್ಕೆ ನುಗ್ಗುತ್ತದೆ. ಮನೆಗೂ ಕೊಟ್ಟಿಗೆಗೂ ನಡುವೆ. ನಾನು ಗೇಟಿನ ಮುಂದೆ ನಿಂತುಬಿಟ್ಟೆ. ನಮ್ಮ ತಾಲ್ಲೂಕಿನಲ್ಲಿ ಬಂಡಿದಾರಿಯ ಜಗಳವೊಂದನ್ನು ಹನ್ನೊಂದು ವರ್ಷ ನೋಡಿದವನು ನಾನು. ಗ್ರಾಮ ನಕ್ಷೆಯಲ್ಲಿ ಜೋಡಿ ಚುಕ್ಕೆಗೆರೆ ಇತ್ತು, ಸರ್ವೆ ದಾಖಲೆಯಾದ ಆಕಾರಬಂದಿನಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕರ ಬಳಕೆಯ ನೆಲ ಎಂದಿತ್ತು, ಹದ್ದುಬಸ್ತು ಮಾಡಿ, ಅಂದರೆ ಗಡಿ ಅಳೆದು ಗುರುತಿಸಿ, ಕಲ್ಲು ನೆಟ್ಟು ಬಂದೆವು. ಮರುವಾರ ಹೋದಾಗ ಕಲ್ಲುಗಳು ಅವರ ಬಚ್ಚಲ ಹಾಸಾಗಿದ್ದವು, ದಾರಿಯಲ್ಲಿ ಅಡಿಕೆ ಸಸಿ ನಿಂತಿತ್ತು. ಅಂಥವನು ಪರದೇಶದಲ್ಲಿ, ನಾಯಿ ಬೊಗಳುತ್ತಿರುವಾಗ, ಬರೀ ಕಾಗದ ನಂಬಿ ಇನ್ನೊಬ್ಬರ ಅಂಗಳ ತುಳಿಯುವುದೇ? ಬಟ್ಟೆ ಒಣಹಾಕುತ್ತಿದ್ದ ಮುದುಕಿ ನಮ್ಮನ್ನು ನೋಡಿದಳು. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡಿದ್ದರಿಂದ ಮಾತಾಡಲಿಲ್ಲ, ಗದ್ದದಿಂದ ಆಚೆ ಗೇಟನ್ನು ತೋರಿಸಿದಳು. ಅಷ್ಟೇ. ನಾವು ಅವಳ ಒದ್ದೆ ಹಾಸಿಗೆ ಬಟ್ಟೆಯ ಕೆಳಗೆ ತಲೆ ತಗ್ಗಿಸಿ ದಾಟಿದೆವು. ಆಚೆ ಗೇಟು ಹಾಕಿ ಬಂದ ಮೇಲೆ ಹೆಂಡತಿ ನಕ್ಕಳು: "ಕಳ್ಳನ ಹಾಗೆ ನಡೆದಿರಲ್ಲ!"

ಹಕ್ಕು ಪುಕ್ಕಟೆ ಬಂದದ್ದಲ್ಲ. 1932ರ ಏಪ್ರಿಲ್ 24ರಂದು, ಇಲ್ಲಿಂದ ದಕ್ಷಿಣಕ್ಕೆ ಡಾರ್ಬಿಷೈರ್‌ನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನೂರಾರು ಜನ, ಬಹುಪಾಲು ಮ್ಯಾಂಚೆಸ್ಟರ್ ಕಡೆಯ ದುಡಿಯುವವರು, ಜಮೀನ್ದಾರರ ಕಾವಲುಗಾರರನ್ನು ಲೆಕ್ಕಿಸದೆ ಹತ್ತಿದರು. ಐವರಿಗೆ ಜೈಲಾಯಿತು. 1949ರ ಕಾಯ್ದೆಯ ಹಿಂದೆ ಆ ನಡಿಗೆಯ ಸದ್ದಿದೆ. 2000ದಲ್ಲಿ ಇನ್ನೊಂದು ಕಾಯ್ದೆ ಬಂದು, ಬೆಟ್ಟ ಬಯಲುಗಳಲ್ಲಿ ದಾರಿ ಬಿಟ್ಟೂ ಅಡ್ಡಾಡಬಹುದಾಯಿತು. ನಕ್ಷೆಯಲ್ಲಿ ಅಂಥ ನೆಲಕ್ಕೆಲ್ಲ ತೆಳು ಹಳದಿ ಬಣ್ಣ. ಡೇಲ್ಸ್‌ನ ಹಾಳೆಯನ್ನು ದೂರ ಹಿಡಿದು ನೋಡಿದರೆ, ಕಣಿವೆಯ ಬುಡದಲ್ಲಿ ಬಿಳಿ, ಮೇಲೆಲ್ಲ ಹಳದಿ. ಬಿಳಿಯಲ್ಲಿ ಹಸಿರು ಗೆರೆ ಹಿಡಿದು ನಡೆಯಿರಿ, ಹಳದಿಯಲ್ಲಿ ಕಾಲಿಗೆ ತೋಚಿದ ಕಡೆ.

ಅಕ್ಷರಗಳನ್ನೂ ಗಮನಿಸಬೇಕು. ಹಳೆಯ ಕಾಲದ ಅವಶೇಷಗಳಿಗೆ ಮಠದ ಕೈಬರಹದಂಥ ಕೊಕ್ಕೆ ಕೊಕ್ಕೆ ಅಕ್ಷರ. ರೋಮನ್ನರದಾದರೆ ಮಾತ್ರ ನೆಟ್ಟಗಿನ ದೊಡ್ಡಕ್ಷರ. ಎರಡನೆಯ ಸಲ ಮಾಲ್ಹಮ್‌ಗೆ ಹೋದಾಗ ಮ್ಯಾಸ್ಟೈಲ್ಸ್ ಲೇನ್ ಹಿಡಿದೆವು. ಎರಡು ಕಡೆಯೂ ಗೋಡೆ ಇರುವ ಹುಲ್ಲುದಾರಿ, ಪೂರ್ವಕ್ಕೆ ಕಿಲ್ನ್‌ಸೀ ಊರಿನ ಕಡೆ ಹೋಗುತ್ತದೆ. ಅದರ ನಡುವೆ ದೊಡ್ಡಕ್ಷರದಲ್ಲಿ "ರೋಮನ್ ಕ್ಯಾಂಪ್". ನಾನು ಹಾಳು ಕೋಟೆಯನ್ನೇ ನಿರೀಕ್ಷಿಸಿದ್ದೆ. ಅಲ್ಲಿ ಏನೂ ಇಲ್ಲ. ಕುರಿ, ಹುಲ್ಲು, ಗಾಳಿ. ಬುತ್ತಿ ಬಿಚ್ಚಿ ಕುಳಿತೆವು. ಮೂರು ಗಂಟೆಯ ಹೊತ್ತಿಗೆ ಸೂರ್ಯ ವಾಲಿದಾಗ ಹುಲ್ಲಿನಲ್ಲಿ ಒಂದು ನೆರಳು ಎದ್ದಿತು, ಅಂಗೈಯಷ್ಟು ಎತ್ತರದ ದಿಬ್ಬ, ನೆಟ್ಟಗೆ ಹೋಗಿ ಗುಂಡಗೆ ತಿರುಗುವುದು. ದಂಡು ಒಂದೆರಡು ರಾತ್ರಿ ತಂಗಲು ತೋಡಿದ ಅಗಳಿನ ಮಣ್ಣು, ಸಾವಿರದ ಎಂಟುನೂರು ವರ್ಷಗಳಿಗೂ ಹಿಂದಿನದು. ಮ್ಯಾಸ್ಟೈಲ್ಸ್ ಲೇನ್ ಅದನ್ನು ನಡುವೆಯೇ ಸೀಳಿಕೊಂಡು ಹೋಗಿದೆ. ಮಧ್ಯಾಹ್ನ ಹನ್ನೆರಡಕ್ಕೆ ಬಂದು ಹೋದವರಿಗೆ ಇದು ಕಾಣುವುದಿಲ್ಲ.

ಈ ದಾರಿ ಫೌಂಟನ್ಸ್ ಅಬ್ಬಿಯ ಸನ್ಯಾಸಿಗಳದು. 1132ರಲ್ಲಿ ಶುರುವಾದ ಮಠ, ಡೇಲ್ಸ್‌ನ ತುಂಬ ಕುರಿ, ಉಣ್ಣೆಯ ವ್ಯಾಪಾರ. 1539ರಲ್ಲಿ ಎಂಟನೆಯ ಹೆನ್ರಿಯ ಕಾಲಕ್ಕೆ ಮುಚ್ಚಿತು. ಮಂಜಿನಲ್ಲಿ ದಾರಿ ತಪ್ಪದಿರಲೆಂದು ಅವರು ಅಲ್ಲಲ್ಲಿ ಶಿಲುಬೆ ನೆಟ್ಟಿದ್ದರು. ಶಿಲುಬೆಗಳು ಹೋಗಿವೆ, ಕೆಲವು ಪೀಠಗಳಿವೆ. ಒಂದನ್ನು ಕಂಡೆವು: ನಡುವೆ ಚೌಕದ ಗುಳಿ ಕೊರೆದ ಕಲ್ಲು, ಗುಳಿಯಲ್ಲಿ ಮಳೆನೀರು. ಬೆರಳು ಇಳಿಸಿ ಆಳ ನೋಡಿದೆ, ಗೇಣಿಗೆ ಸ್ವಲ್ಪ ಕಡಿಮೆ. ಬಾಂದುಕಲ್ಲು ಕಂಡರೆ ಅಳೆಯದೆ ಮುಂದೆ ಹೋಗುವ ಕೈ ಅಲ್ಲ ಇದು.

ಪೆನಿಗೆಂಟ್ ಬೆಟ್ಟದ ನಡಿಗೆ ನಕ್ಷೆಯ ಇನ್ನೊಂದು ಪರೀಕ್ಷೆ. 694 ಮೀಟರ್. ಹಿಂದಿನ ರಾತ್ರಿ ಹೆಂಡತಿಯ ಹೂಕಟ್ಟುವ ದಾರವನ್ನು ನಕ್ಷೆಯ ದಾರಿಯ ಮೇಲೆ ಅಂಕುಡೊಂಕಿಗೆ ತಕ್ಕಂತೆ ಹಾಸಿ, ಆಮೇಲೆ ಸ್ಕೇಲಿಗೆ ಹಿಡಿದೆವು. 40 ಸೆಂಟಿಮೀಟರಿಗೆ ಹತ್ತಿರ, ಅಂದರೆ ಹತ್ತು ಕಿಲೋಮೀಟರ್. ಮಾರನೆಯ ದಿನ ಮಗನ ಕೈಗಡಿಯಾರ ಹೇಳಿದ್ದು ಹತ್ತೂ ಚಿಲ್ಲರೆ. ದಾರಕ್ಕೆ ಬ್ಯಾಟರಿ ಬೇಡ.

ಒತ್ತಾದಷ್ಟೂ ಏರು ಕಡಿದು ಎನ್ನುವ ಎತ್ತರದ ಗೆರೆಗಳು ದಕ್ಷಿಣದ ಏರಿನಲ್ಲಿ ಒತ್ತೊತ್ತಾಗಿ ಬಂದು, ಸ್ವಲ್ಪ ಸಡಿಲಾಗಿ, ಮತ್ತೆ ಒತ್ತಾಗಿದ್ದವು. "ಕಷ್ಟದ ಏರು ಎರಡು, ನಡುವೆ ಉಸಿರಾಡಲು ಜಾಗ ಇದೆ" ಎಂದು ಮನೆಯಲ್ಲೇ ಹೇಳಿದ್ದೆ. ಹಾಗೆಯೇ ಆಯಿತು. ಮೊದಲ ಮೆಟ್ಟಿಲು ಬಿಳಿ ಸುಣ್ಣಕಲ್ಲು, ಎರಡನೆಯದು ಕಪ್ಪಗಿನ ಒರಟು ಮರಳುಗಲ್ಲು, ಬೀಸುಕಲ್ಲಿಗೆ ಬಳಸುತ್ತಿದ್ದಂಥದ್ದು. ಎರಡನೆಯದರಲ್ಲಿ ಕೈಯನ್ನೂ ಊರಬೇಕು. ನನ್ನ ಮೊಣಕಾಲು ಅಲ್ಲಿ ಆಕ್ಷೇಪಣೆ ಸಲ್ಲಿಸಿತು, ಹೆಂಡತಿ ತಿರಸ್ಕರಿಸಿದಳು.

ತುದಿಯಲ್ಲಿ ನಕ್ಷೆಯ ನೀಲಿ ತ್ರಿಕೋನ. ನೆಲದ ಮೇಲೆ ಅದು ಎದೆಮಟ್ಟದ ಕಂಬ, ತಳ ಅಗಲ, ಮೇಲೆ ಕಿರಿದು. ನೆತ್ತಿಯಲ್ಲಿ ಹಿತ್ತಾಳೆಯ ತಟ್ಟೆ, ಅದರಲ್ಲಿ ಮೂರು ಕಡೆಗೆ ಚಾಚಿದ ಮೂರು ತೋಡು. ಕೋನ ಅಳೆಯುವ ಯಂತ್ರವಾದ ಥಿಯೊಡೊಲೈಟಿನ ಮೂರು ಪಾದ ಅಲ್ಲಿ ಕೂರುತ್ತದೆ; ಯಾರು ಎಂದು ಬಂದಿಟ್ಟರೂ ಅದೇ ಬಿಂದು. 1936ರಿಂದ ದೇಶದ ತುಂಬ ಇಂಥ ಆರು ಸಾವಿರದ ಐನೂರರಷ್ಟು ಕಂಬ ನಿಲ್ಲಿಸಿ ತ್ರಿಕೋನ ಕಟ್ಟಿ ಅಳೆದರು. ಈಗ ಉಪಗ್ರಹಗಳು ಬಂದಿವೆ, ಕಂಬಕ್ಕೆ ಕೆಲಸವಿಲ್ಲ. ಜನ ಅದನ್ನು ಮುಟ್ಟಿ ಫೋಟೊ ತೆಗೆಸಿಕೊಳ್ಳುತ್ತಾರೆ, ಅದರ ಮೇಲೆ ಟೀ ಲೋಟ ಇಡುತ್ತಾರೆ. ನಾನು ತೋಡಿನೊಳಗಿನ ಮರಳನ್ನು ಕಡ್ಡಿಯಿಂದ ತೆಗೆದು ಒರೆಸಿದೆ. ಪಿಂಚಣಿದಾರನ ಕಷ್ಟ ಪಿಂಚಣಿದಾರನಿಗೆ ಗೊತ್ತು.

ಅಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತೆ. ಈ ಹಾಳೆಯ ಅಂಚಿನಾಚೆ, ಯಾರ್ಕ್‌ಷೈರಿನ ಇನ್ನೊಂದು ಮಗ್ಗುಲಲ್ಲಿ ನಾರ್ತಲರ್ಟನ್ ಇದೆ. ಅದರ ಬಳಿಯ ಬೇಸಾಯದ ಮನೆಯಲ್ಲಿ ಹುಟ್ಟಿದವನು ವಿಲಿಯಂ ಲ್ಯಾಂಬ್ಟನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗೆದ್ದ ಬ್ರಿಟಿಷ್ ಸೈನ್ಯದಲ್ಲಿದ್ದ. ಮರುವರ್ಷವೇ ಬೆಂಗಳೂರಿನ ಬಳಿ ಮೋಜಣಿಗೆ ಬುಡವಾಗುವ ಆಧಾರರೇಖೆ ಅಳೆದ, 1802ರಲ್ಲಿ ಮದರಾಸಿನಿಂದ ಭಾರತವನ್ನು ತ್ರಿಕೋನ ಕಟ್ಟಿ ಅಳೆಯುವ ಮಹಾ ತ್ರಿಕೋನಮಿತಿ ಮೋಜಣಿ ಶುರು ಮಾಡಿದ. ತರಬೇತಿಯಲ್ಲಿ ನಾವು ಆ ಹೆಸರನ್ನು ಉರು ಹೊಡೆದಿದ್ದೆವು, ಊರು ಯಾವುದೆಂದು ಯಾರೂ ಕೇಳಿರಲಿಲ್ಲ. ಗೆದ್ದ ರಾಜ್ಯದ ಲೆಕ್ಕ ಹಾಕಲು ಬಂದವನು ಎಂಬುದನ್ನು ಮರೆಯುವಂತಿಲ್ಲ. ಕೆಲಸ ಮಾತ್ರ ಚೊಕ್ಕ.

ಇಳಿಯುವ ದಾರಿಯಲ್ಲಿ ನಕ್ಷೆ ಹಲ್ ಪಾಟ್ ಎನ್ನುತ್ತದೆ. ಹುಲ್ಲುಗಾವಲಿನಲ್ಲಿ ಬಾಯಿ ತೆರೆದ ಉದ್ದನೆಯ ಕೂಪ. ಬೇಲಿ ಇಲ್ಲ. ಅಂಚಿಗೆ ಹೋಗಬೇಡಿ.

ಇನ್ನು ತಕರಾರುಗಳು. ಗಾಳಿಯಲ್ಲಿ ಇದನ್ನು ಬಿಚ್ಚಿದರೆ ಹಾಯಿಯಾಗುತ್ತದೆ. ಮಡಚಲು ಇಬ್ಬರು ಬೇಕು, ಒಂಬತ್ತು ಗಜದ ಸೀರೆ ಮಡಚುವಂತೆ ತುದಿಗೆ ತುದಿ ಹಿಡಿದು ಹತ್ತಿರ ಬರಬೇಕು. ದಾರಿ ಹಾಳೆಯ ಅಂಚಿಗೆ ಬಂದರೆ ಮಗುಚಿ ಹಾಕಿ ಹುಡುಕಬೇಕು. ಹಾಗಾಗಿ ಮನೆಯಲ್ಲೇ ಆ ದಿನದ ಭಾಗ ಮೇಲೆ ಬರುವಂತೆ ಮಡಚಿ, ಪಾರದರ್ಶಕ ಚೀಲದಲ್ಲಿ ಹಾಕಿ ಕೊರಳಿಗೆ ನೇತುಹಾಕಿಕೊಳ್ಳುವುದು ಜಾಣತನ. ನಾನು ಚೀಲ ಬೇಡವೆಂದು ಹಟ ಮಾಡಿದೆ. ಮೂರನೆಯ ನಡಿಗೆಯಲ್ಲಿ ಮಳೆ ಬಂದು ಮಡಿಕೆ ಸವೆಯಿತು. ಆಸ್ಟ್‌ವಿಕ್ ಊರಿನ ಮೇಲೆ ಚಿತ್ರಾನ್ನದ ಎಣ್ಣೆ ಬಿದ್ದು ಅರಿಶಿನವಾಗಿದೆ, ಅದು ಹಳದಿ ಬಯಲೋ ನಮ್ಮ ಹಳದಿಯೋ ತಿಳಿಯುವುದಿಲ್ಲ. ತಪ್ಪು ನನ್ನದೇ. ಇದೇ ಹಾಳೆ ಪ್ಲಾಸ್ಟಿಕ್ ಲೇಪದಲ್ಲೂ ಸಿಗುತ್ತದೆ, ಬೆಲೆ ಹೆಚ್ಚು, ತೂಕವೂ ಹೆಚ್ಚು. ಮಳೆಗಾಲದ ಮಲೆನಾಡು ಕಂಡವರು ಅದನ್ನೇ ಕೊಳ್ಳಲಿ.

ಗೋಡೆ ದಾಟುವ ಕಡೆ ಏನಿದೆ ಎಂದು ನಕ್ಷೆ ಹೇಳುವುದಿಲ್ಲ. ಕೆಲವೆಡೆ ಗೇಟು, ಕೆಲವೆಡೆ ಏಣಿ, ಕೆಲವೆಡೆ ಎರಡು ಕಲ್ಲಿನ ನಡುವಿನ ಇರುಕು. ಇರುಕು ಕುರಿಗಾಗದಂತೆ ಮಾಡಿದ್ದು, ಆದ್ದರಿಂದ ನನಗೂ ಆಗದು. ಉಸಿರು ಬಿಟ್ಟು, ಹೊಟ್ಟೆ ಎಳೆದು, ಪಕ್ಕಕ್ಕೆ ತಿರುಗಿ ದಾಟಿದ್ದೇನೆ. ಮೊಣಕಾಲಿನವರಿಗೆ ಅದು ಮೊದಲೇ ಗೊತ್ತಾದರೆ ಒಳ್ಳೆಯದು.

ಹೊದಿಕೆಯ ಒಳಗೆ ಕೆರೆದು ತೆಗೆಯುವ ಸಂಕೇತ ಸಂಖ್ಯೆಯೊಂದಿದೆ. ಅದನ್ನು ಹಾಕಿದರೆ ಇದೇ ನಕ್ಷೆ ಮೊಬೈಲಿಗೂ ಬರುತ್ತದೆ, ಬೇರೆ ಹಣವಿಲ್ಲ. ಮಗ ಹಾಕಿಕೊಟ್ಟ. ಮಂಜಿನಲ್ಲಿ ನಾವೆಲ್ಲಿದ್ದೇವೆಂಬ ಚುಕ್ಕೆ ತೋರಿಸಲು ಅದು ಒಳ್ಳೆಯದೇ. ಆದರೆ ಅಂಗೈಯಗಲದ ಗಾಜಿನಲ್ಲಿ ಅಂಕುಡೊಂಕು ಗೋಡೆ ಎಲ್ಲಿ ಮುಗಿದು ನೆಟ್ಟಗಿನದು ಎಲ್ಲಿ ಶುರುವಾಯಿತು ಎಂಬುದು ಕಾಣುವುದಿಲ್ಲ. ಅದಕ್ಕೆ ಹಾಳೆ ಹರಡಬೇಕು, ಮೇಲಿಂದ ನೋಡಬೇಕು, ಟೀ ತಣ್ಣಗಾಗಬೇಕು.

ಹದಿನಾರಾಣೆಗೆ ಹದಿನಾಲ್ಕಾಣೆ ಕೊಡುತ್ತೇನೆ. ಇರುಕಿಗೆ ಒಂದಾಣೆ ಕಡಿತ, ಗಾಳಿಗೆ ಒಂದಾಣೆ.

ಬರುವ ಶನಿವಾರ ಮಳೆ ಬಿಟ್ಟರೆ ರಿಬಲ್‌ಹೆಡ್. 24 ಕಮಾನಿನ ರೈಲು ಸೇತುವೆ, 1870ರ ದಶಕದ್ದು. ಅದನ್ನು ಕಟ್ಟಿದ ಕೂಲಿಗಳ ಗುಡಿಸಲ ಊರುಗಳು ಇದ್ದ ಬಯಲು ಅದರ ಕಾಲಬುಡದಲ್ಲೇ ಇದೆ. ಸಂಜೆಯ ನೆರಳಿಗೆ ಏನಾದರೂ ಏಳುತ್ತದೆಯೋ ನೋಡಬೇಕು. ಹೆಂಡತಿ ದಾರದ ಉಂಡೆಯನ್ನು ನಕ್ಷೆಯ ಮೇಲೆಯೇ ಇಟ್ಟಿದ್ದಾಳೆ.